ವಿಮಾನದ ಸಂಕೇತ ಹಿಡಿಯುವ ಆಂಟೆನಾ ಮನೆಯಲ್ಲೇ ಮಾಡುವುದು: ಕರಾವಳಿಯವರಿಗೊಂದು ಮಾರ್ಗದರ್ಶಿ

"ಡಾಂಗಲ್ ತಂದಾಯಿತು, ತಂತ್ರಾಂಶ ಹಾಕಿದ್ದೂ ಆಯಿತು. ಬಜ್ಪೆಯಲ್ಲಿ ಏರುವ, ಇಳಿಯುವ ವಿಮಾನ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಇನ್ನೂ ದುಬಾರಿ ಡಾಂಗಲ್ ಬೇಕೇ?" ವಿಮಾನಗಳ ರೇಡಿಯೋ ಸಂಕೇತವನ್ನು ಡಾಂಗಲ್ ಎಂಬ ಪುಟ್ಟ ಗ್ರಾಹಕದಿಂದ ಹಿಡಿದು ಕಂಪ್ಯೂಟರಿನ ನಕ್ಷೆಯಲ್ಲಿ ನೋಡಲು ಹೊರಟ ಓದುಗರು ಉಳ್ಳಾಲದಿಂದ ಕುಂದಾಪುರದವರೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೇಡ. ತೊಂದರೆ ಬಹುಪಾಲು ಮೂರು ಕಡೆ ಇರುತ್ತದೆ: ಡಾಂಗಲಿನ ಜೊತೆ ಬಂದ ಪುಟ್ಟ ಆಂಟೆನಾ, ಅದನ್ನು ಇಟ್ಟಿರುವ ಜಾಗ, ಮತ್ತು ನಡುವಿನ ಕೇಬಲ್. ಮೂರನ್ನೂ ಒಂದು ಭಾನುವಾರದಲ್ಲಿ ಸರಿಪಡಿಸಬಹುದು. ಆದರೆ ನಮ್ಮ ಮಳೆಗೂ ಉಪ್ಪುಗಾಳಿಗೂ ಅದು ತಡೆದುಕೊಳ್ಳಬೇಕಾದರೆ ಇನ್ನಷ್ಟು ಎಚ್ಚರ ಬೇಕು. ಆ ಭಾಗವನ್ನು ದಯವಿಟ್ಟು ಹಾರಿಸಬೇಡಿ.

ಮೊದಲು ನಾವು ಹಿಡಿಯುತ್ತಿರುವುದು ಏನನ್ನು ಎಂದು ತಿಳಿದುಕೊಳ್ಳೋಣ. ಪ್ರಯಾಣಿಕ ವಿಮಾನಗಳು ತಮ್ಮ ಗುರುತು, ಸ್ಥಾನ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್ ಆವರ್ತನದಲ್ಲಿ ತಾವಾಗಿಯೇ ಸಾರುತ್ತಾ ಹೋಗುತ್ತವೆ. ಸ್ಥಾನದ ಸಂದೇಶ ಸೆಕೆಂಡಿಗೆ ಸುಮಾರು ಎರಡು ಸಲ ಬರುತ್ತದೆ. ಒಂದೊಂದು ಸಂದೇಶವೂ 112 ಬಿಟ್‌ಗಳದ್ದು, 120 ಮೈಕ್ರೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಈ ವ್ಯವಸ್ಥೆಯ ಹೆಸರು ಎಡಿಎಸ್-ಬಿ. 1090 ಮೆಗಾಹರ್ಟ್ಸ್‌ನ ತರಂಗಾಂತರ, ಎಂದರೆ ಒಂದು ಅಲೆಯ ಉದ್ದ, 275 ಮಿ.ಮೀ. ಅದರ ಕಾಲು ಭಾಗ ಸುಮಾರು 69 ಮಿ.ಮೀ. ಮುಂದಿನ ಅಳತೆಗಳೆಲ್ಲ ಈ ಲೆಕ್ಕದಿಂದಲೇ ಬಂದವು. ವಿಮಾನದ ಅಲೆಗಳು ಲಂಬವಾಗಿ ಕಂಪಿಸುವುದರಿಂದ ನಿಮ್ಮ ಆಂಟೆನಾ ಕೂಡ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿಸಿದರೆ ಸಂಕೇತದ ದೊಡ್ಡ ಪಾಲು ಹೋಗುತ್ತದೆ.

ಬೇಕಾಗುವ ಸಾಮಾನು

- ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು. ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ರೇಡಿಯೋ ಗ್ರಾಹಕ ಇದು.
- ನಾಲ್ಕು ತೂತಿನ ಚೌಕ ಫಲಕವಿರುವ ಎನ್-ಟೈಪ್ ಹೆಣ್ಣು ಕನೆಕ್ಟರ್ ಒಂದು. ನಡುವಿನ ಬಿಳಿ ಭಾಗ ಟೆಫ್ಲಾನಿನದ್ದೇ ಎಂದು ಕೇಳಿ ಕೊಳ್ಳಿ. ಅಗ್ಗದ ಪ್ಲಾಸ್ಟಿಕ್ ಬೆಸುಗೆಯ ಬಿಸಿಗೆ ಕರಗಿ ನಡುವಿನ ಪಿನ್ ವಾಲುತ್ತದೆ.
- ಎನ್ ಗಂಡು–ಎಫ್ ಹೆಣ್ಣು ಅಡಾಪ್ಟರ್ ಒಂದು. ಡಾಂಗಲಿನ ಕಡೆಗೆ ಎಫ್‌ನಿಂದ ಎಸ್‌ಎಂಎಗೆ ಹೋಗುವ ಅಡಾಪ್ಟರ್ ಇನ್ನೊಂದು. ನಿಮ್ಮ ಡಾಂಗಲಿನ ಬಾಯಿ ಎಂಸಿಎಕ್ಸ್ ಆಗಿದ್ದರೆ ಅದಕ್ಕೆ ಹೊಂದುವುದನ್ನೇ ತನ್ನಿ.
- ಒಂಟಿ ಎಳೆಯ ತಾಮ್ರದ ತಂತಿ ಅರ್ಧ ಮೀಟರ್, ದಪ್ಪ 1.6ರಿಂದ 2 ಮಿ.ಮೀ.
- ಎಂ3 ಸ್ಟೇನ್‌ಲೆಸ್ ಸ್ಕ್ರೂ, ನಟ್, ವಾಷರ್ ನಾಲ್ಕು ಜೊತೆ.
- ಡಿಶ್ ಟಿವಿಗೆ ಬಳಸುವ ಆರ್‌ಜಿ-6 ಕೇಬಲ್, ಬೇಕಾದಷ್ಟೇ ಉದ್ದ.
- ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಜಾಯಿಂಟಿಗೆ ಸುತ್ತುವ ರಬ್ಬರ್ ಟೇಪ್, ಅದರ ಮೇಲೆ ಸುತ್ತಲು ಸಾಮಾನ್ಯ ಪಿವಿಸಿ ಟೇಪ್.

ತಂತಿಯ ಬಗ್ಗೆ ಒಂದು ಮಾತು. ಈಗ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮನೆ ವಯರಿಂಗಿಗೆ ಕೊಡುವುದು ಹೆಚ್ಚಾಗಿ ಹಲವು ಎಳೆಯ ವಯರ್. ಅದು ನೆಟ್ಟಗೆ ನಿಲ್ಲುವುದಿಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ 14 ಅಥವಾ 16 ಗೇಜಿನ ತಾಮ್ರದ ತಂತಿ ಕೇಳಿ. ತುಂಡು ಲೆಕ್ಕದಲ್ಲಿ ಸಿಕ್ಕೀತು. ಆ ತಂತಿಗೆ ಕಂದು ಬಣ್ಣದ ವಾರ್ನಿಷ್ ಲೇಪವಿರುತ್ತದೆ. ಅದು ವಿದ್ಯುತ್ ಹರಿಯಲು ಬಿಡದ ಲೇಪ. ಬೆಸೆಯುವ ಮತ್ತು ಸ್ಕ್ರೂ ಬಿಗಿಯುವ ಜಾಗದಲ್ಲಿ ಪಾಲಿಶ್ ಕಾಗದದಿಂದ ತಿಕ್ಕಿ, ತಾಮ್ರ ಹೊಳೆಯುವವರೆಗೆ ತೆಗೆಯಬೇಕು. ಉಳಿದ ಕಡೆ ಹಾಗೆಯೇ ಬಿಡಿ. ಉಪ್ಪುಗಾಳಿಗೆ ಅದೇ ಕವಚ.

ಹಂತ 1: ಮೊದಲು ಡಬ್ಬಿಯ ಆಂಟೆನಾ

ಬೆಸುಗೆಗೆ ಕೈ ಹಾಕುವ ಮೊದಲು ಅರ್ಧ ಗಂಟೆಯಲ್ಲಿ ಆಗುವ ಇದನ್ನು ಮಾಡಿ. ಮನೆಯ ಯಾವ ಮೂಲೆ ಒಳ್ಳೆಯದು ಎಂದು ಹುಡುಕಲು ಇಷ್ಟು ಸಾಕು.

ತಂಪು ಪಾನೀಯದ ಅಗಲದ ಅಲ್ಯೂಮಿನಿಯಂ ಡಬ್ಬಿ ತೆಗೆದುಕೊಂಡು, ತಳದಿಂದ 69 ಮಿ.ಮೀ. ಉಳಿಯುವಂತೆ ಸುತ್ತ ಕತ್ತರಿಸಿ. ತಳದ ನಟ್ಟನಡುವೆ ಸುಮಾರು 10 ಮಿ.ಮೀ. ತೂತು ಮಾಡಿ, ಎರಡು ಕೇಬಲ್ ಜೋಡಿಸುವ ಎಫ್ ಜಾಯಿಂಟರನ್ನು ತೂರಿಸಿ ನಟ್ ಬಿಗಿಯಿರಿ. ಆರ್‌ಜಿ-6 ತುಂಡೊಂದರ ನಡುವಿನ ತಂತಿಯನ್ನು ಬಿಡಿಸಿ ಜಾಯಿಂಟರಿನ ಹೊರಬಾಯಿಗೆ ಚುಚ್ಚಿ. ಡಬ್ಬಿಯ ತಳದಿಂದ ಮೇಲಕ್ಕೆ 67 ಮಿ.ಮೀ. ಕಾಣುವಂತೆ ಕತ್ತರಿಸಿ. ಈಗ ಡಬ್ಬಿಯನ್ನು ಬೋರಲು ಹಿಡಿಯಿರಿ: ತಂತಿ ಆಕಾಶಕ್ಕೆ, ತೆರೆದ ಬಾಯಿ ನೆಲಕ್ಕೆ. ಕೇಬಲ್ ಕೆಳಗಿನಿಂದ ಒಳಗೆ ಬರುತ್ತದೆ.

ಡಬ್ಬಿಯ ಒಳಗೂ ಹೊರಗೂ ಪ್ಲಾಸ್ಟಿಕ್ ಅಥವಾ ಬಣ್ಣದ ಪದರ ಇರುತ್ತದೆ. ನಟ್ ಕೂರುವ ಜಾಗವನ್ನು ಕೆರೆದು ಲೋಹ ಕಾಣುವಂತೆ ಮಾಡದಿದ್ದರೆ ಡಬ್ಬಿ ಇದ್ದೂ ಇಲ್ಲದಂತೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಇನ್ನು, ಇದನ್ನು ಮಳೆಗಾಲಕ್ಕೆ ಬಿಡಬೇಡಿ. ಅಲ್ಯೂಮಿನಿಯಮ್ಮಿಗೆ ಬೇರೆ ಲೋಹ ತಾಗಿ ಉಪ್ಪುನೀರು ಸೇರಿದರೆ ಆ ಜಾಗ ಬಿಳಿ ಪುಡಿಯಾಗಿ ಉದುರುತ್ತದೆ.

ಹಂತ 2: ಶಾಶ್ವತಕ್ಕೆ ಜೇಡ ಆಂಟೆನಾ

ನಡುವೆ ನೆಟ್ಟಗೆ ಒಂದು ಕಡ್ಡಿ, ಸುತ್ತ ಇಳಿಬಿದ್ದ ನಾಲ್ಕು ಕಾಲು. ನೋಡಲು ಜೇಡನಂತೆ ಇರುವುದರಿಂದ ಆ ಹೆಸರು. ಕಾಲುಗಳು ಆಂಟೆನಾಕ್ಕೆ ನೆಲದಂತೆ ಕೆಲಸ ಮಾಡುತ್ತವೆ. ಅವನ್ನು 45 ಡಿಗ್ರಿ ಕೆಳಗೆ ಬಗ್ಗಿಸಿದಾಗ ಆಂಟೆನಾದ ಪ್ರತಿರೋಧ 50 ಓಮ್‌ಗೆ ಹತ್ತಿರ ಬರುತ್ತದೆ.

(ಅ) ನಡುವಿನ ಕಡ್ಡಿಗೆ 80 ಮಿ.ಮೀ. ತಂತಿ ಕತ್ತರಿಸಿ, ಗಟ್ಟಿ ಹಲಗೆಯ ಮೇಲೆ ಉರುಳಿಸಿ ನೇರ ಮಾಡಿ. ತುದಿಯ 5 ಮಿ.ಮೀ. ಕೆರೆದು ಕನೆಕ್ಟರಿನ ಪಿನ್ನಿನ ಬಟ್ಟಲಲ್ಲಿ ಕೂರಿಸಿ ಬೆಸೆಯಿರಿ. 25 ವ್ಯಾಟಿನ ಬೆಸುಗೆ ಕಡ್ಡಿಯ ಬಿಸಿ ದಪ್ಪ ತಂತಿಗೆ ಸಾಲುವುದಿಲ್ಲ, ಸೀಸ ಹರಿಯದೆ ಉಂಡೆಯಾಗಿ ನಿಲ್ಲುತ್ತದೆ. 60 ವ್ಯಾಟಿನದ್ದು ಬೇಕು. ಬೆಸುಗೆ ಹೊಳೆಯುತ್ತಾ ತಂತಿಗೆ ಅಂಟಿ ಹರಿದಿರಬೇಕು. ಮಬ್ಬಾಗಿ ಕಾಳು ಕಾಳಾಗಿದ್ದರೆ ಮತ್ತೆ ಬಿಸಿ ಮಾಡಿ.

(ಆ) ಈಗ ಅಳೆಯಿರಿ. ಫಲಕದ ಮೇಲ್ಮೈಯಿಂದ ಕಡ್ಡಿಯ ತುದಿಗೆ 67 ಮಿ.ಮೀ. ಉಳಿಸಿ ಕತ್ತರಿಸಿ. ಕಾಲು ತರಂಗ 69 ಅಲ್ಲವೇ ಎಂದು ಕೇಳುತ್ತೀರಿ. ತಂತಿಗೆ ದಪ್ಪ ಇರುವುದರಿಂದ ಅದು ತನ್ನ ಅಳತೆಗಿಂತ ತುಸು ಉದ್ದವಿರುವಂತೆ ವರ್ತಿಸುತ್ತದೆ. ಒಂದು ಮಿ.ಮೀ. ಆಚೀಚೆಯಾದರೆ ಗಾಬರಿ ಬೇಡ. ಐದು ಮಿ.ಮೀ. ತಪ್ಪಿದರೆ ಮತ್ತೆ ಮಾಡುವುದು ಒಳ್ಳೆಯದು. ಬೆಸೆಯುವ ಮೊದಲೇ ಅಳತೆಗೆ ಕತ್ತರಿಸಿದವರ ಕಡ್ಡಿ ಬಟ್ಟಲಿನೊಳಗೆ ಇಳಿದು ಗಿಡ್ಡವಾಗಿರುತ್ತದೆ. ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

(ಇ) ಕಾಲುಗಳಿಗೆ 85 ಮಿ.ಮೀ.ನ ನಾಲ್ಕು ತುಂಡು. ಒಂದು ತುದಿಯಲ್ಲಿ ಎಂ3 ಸ್ಕ್ರೂ ಹಿಡಿಯುವಷ್ಟು ಪುಟ್ಟ ಬಳೆ ಬಗ್ಗಿಸಿ, ಲೇಪ ಕೆರೆದು, ಫಲಕದ ಮೂಲೆಗಳಿಗೆ ಬಿಗಿಯಿರಿ. ಸ್ಕ್ರೂವಿನಿಂದ ತುದಿಗೆ 69 ಮಿ.ಮೀ. ಉಳಿಸಿ ಕತ್ತರಿಸಿ 45 ಡಿಗ್ರಿ ಕೆಳಗೆ ಬಗ್ಗಿಸಿ. ಎಂಟು ಕಾಲು ಇಟ್ಟರೆ ಇನ್ನೂ ಒಳ್ಳೆಯದೇ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಗಮನಕ್ಕೆ ಬಾರದಷ್ಟು ಸಣ್ಣದು, ನಾಲ್ಕೇ ಸಾಕು.

(ಈ) ಮಲ್ಟಿಮೀಟರಿನಲ್ಲಿ ನೋಡಿ: ನಡುವಿನ ಪಿನ್ನಿಗೂ ಹೊರ ಚಿಪ್ಪಿಗೂ ಸಂಪರ್ಕ ಇರಬಾರದು. ಪ್ರತಿ ಕಾಲಿಗೂ ಚಿಪ್ಪಿಗೂ ಇರಲೇಬೇಕು. ತಂತಿಯ ತುದಿಗಳು ಕಣ್ಣಿಗೆ ಚುಚ್ಚುವಂಥವು. ಒಂದೊಂದಕ್ಕೂ ಒಂದು ಹನಿ ಬಿಸಿ ಅಂಟು ಹಚ್ಚಿಡಿ.

ಕೇಬಲಿನ ತುಂಡುಗಳನ್ನು ಸಾಲಾಗಿ ತಿರುವುಮುರುವು ಜೋಡಿಸುವ ಕೊಲಿನಿಯರ್ ಆಂಟೆನಾ ಮಾಡಲೇ ಎಂದು ಅನೇಕರು ಕೇಳುತ್ತಾರೆ. ಕಾಗದದಲ್ಲಿ ಅದರ ಬಲ ಹೆಚ್ಚು, ನಿಜ. ಆದರೆ ಪ್ರತಿ ತುಂಡಿನ ಅಳತೆ ಕೇಬಲಿನೊಳಗೆ ಅಲೆ ಓಡುವ ವೇಗದ ಮೇಲೆ ನಿಂತಿದೆ. ಗಟ್ಟಿ ಪಾಲಿಥೀನಿನ ಆರ್‌ಜಿ-58ರಲ್ಲಿ ಆ ಗುಣಾಂಕ 0.66, ಹಾಗಾಗಿ ತುಂಡು 91 ಮಿ.ಮೀ. ನೊರೆ ತುಂಬಿದ ಆರ್‌ಜಿ-6ರಲ್ಲಿ 0.82ರಿಂದ 0.85, ತುಂಡು 113ರಿಂದ 117 ಮಿ.ಮೀ. ನಿಮ್ಮ ಕೈಯಲ್ಲಿರುವ ಸುರುಳಿಯ ಗುಣಾಂಕ ಗೊತ್ತಿಲ್ಲದಿದ್ದರೆ ಎಂಟು ತುಂಡಿನಲ್ಲಿ ತಪ್ಪು ಎಂಟು ಪಟ್ಟು ಕೂಡುತ್ತದೆ. ಅದರ ಮೇಲೆ ಆರ್‌ಜಿ-6ರ ಹೊರ ಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂ, ಸೀಸದ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ತುರುಕಿ ಜೋಡಿಸಿದ್ದು ಮೊದಲ ಮಳೆಗೇ ಕೈಕೊಡುತ್ತದೆ. ಮೊದಲು ಜೇಡವನ್ನು ಸರಿಯಾಗಿ ನಿಲ್ಲಿಸಿ, ಆಮೇಲೆ ಆ ಪ್ರಯೋಗ.

ಹಂತ 3: ಕೇಬಲ್

ಆಂಟೆನಾ 50 ಓಮ್, ಆರ್‌ಜಿ-6 75 ಓಮ್, ಹೊಂದುವುದಿಲ್ಲವಲ್ಲ ಎಂಬ ಆತಂಕ ಬೇಡ. ಈ ಹೊಂದಿಕೆ ತಪ್ಪಿದ್ದರಿಂದ ಆಗುವ ನಷ್ಟ ಸುಮಾರು 0.2 ಡಿಬಿ. ಡಿಬಿ ಎಂದರೆ ಸಂಕೇತ ಹೆಚ್ಚು ಕಡಿಮೆಯಾದ ಲೆಕ್ಕ: 3 ಡಿಬಿ ಹೋದರೆ ಶಕ್ತಿ ಅರ್ಧವಾದಂತೆ, 6 ಡಿಬಿ ಹೋದರೆ ತಲುಪುವ ದೂರವೇ ಅರ್ಧವಾದಂತೆ. ಡಿಶ್ ಕೇಬಲ್ 950ರಿಂದ 2150 ಮೆಗಾಹರ್ಟ್ಸ್ ಸಂಕೇತ ಸಾಗಿಸಲೆಂದೇ ಇರುವುದು, ನಮ್ಮ 1090 ಅದರೊಳಗೇ ಬರುತ್ತದೆ. ಒಳ್ಳೆಯ ಆರ್‌ಜಿ-6ರಲ್ಲಿ 10 ಮೀಟರಿಗೆ ಸುಮಾರು 2 ಡಿಬಿ ನಷ್ಟ. ಡಾಂಗಲಿನ ಜೊತೆ ಬರುವ ಬೆರಳಿಗಿಂತ ಎಷ್ಟೋ ತೆಳುವಾದ ಕೇಬಲಿನಲ್ಲಿ ಮೀಟರಿಗೇ ಸುಮಾರು 1 ಡಿಬಿ ಹೋಗುತ್ತದೆ. ಅಂಥದ್ದನ್ನು ಹತ್ತು ಮೀಟರ್ ಎಳೆದರೆ ಆಂಟೆನಾ ಎಷ್ಟು ಚೆನ್ನಾಗಿದ್ದೂ ವ್ಯರ್ಥ.

15 ಮೀಟರಿಗಿಂತ ಹೆಚ್ಚು ಬೇಕಾದರೆ ಎರಡು ದಾರಿ. ಒಂದು, ಡಾಂಗಲ್ ಮತ್ತು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಆಂಟೆನಾದ ಹತ್ತಿರ ನೆರಳಿನಲ್ಲಿ ಇಡುವುದು. ಇನ್ನೊಂದು, ಆಂಟೆನಾದ ಬುಡದಲ್ಲೇ ಫಿಲ್ಟರ್ ಇರುವ ಎಲ್‌ಎನ್‌ಎ, ಅಂದರೆ ತನ್ನ ಗದ್ದಲವನ್ನು ಹೆಚ್ಚು ಬೆರೆಸದೆ ಸಂಕೇತ ಹಿಗ್ಗಿಸುವ ಪುಟ್ಟ ವರ್ಧಕ, ಹಾಕುವುದು. ಅದನ್ನು ಡಾಂಗಲಿನ ಕಡೆ ಹಾಕಿದರೆ ಕೇಬಲಿನಲ್ಲಿ ಕಳೆದದ್ದು ವಾಪಸು ಬರುವುದಿಲ್ಲ.

ಎಚ್ಚರಿಕೆ: ಸೆಟ್‌ಟಾಪ್ ಬಾಕ್ಸಿಗೆ ಹೋಗುತ್ತಿರುವ ಕೇಬಲಿನಿಂದ ಕವಲು ತೆಗೆದು ಡಾಂಗಲಿಗೆ ಕೊಡಲೇಬೇಡಿ. ಅದರಲ್ಲಿ ಡಿಶ್‌ನ ತಲೆಗೆ ಹೋಗುವ 13 ಅಥವಾ 18 ವೋಲ್ಟ್ ಇರುತ್ತದೆ, ಡಾಂಗಲ್ ಸುಟ್ಟುಹೋಗುತ್ತದೆ. ಎಫ್ ಕನೆಕ್ಟರ್ ಹಾಕುವಾಗ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್ಲ ಶೂನ್ಯ. ತಿರುಗಿಸಿ ಹಾಕುವ ಕನೆಕ್ಟರಿಗಿಂತ ಡಿಶ್ ಕೆಲಸದವರ ಹತ್ತಿರ ಒತ್ತಿ ಕೂರಿಸುವ ಕನೆಕ್ಟರ್ ಹಾಕಿಸಿಕೊಳ್ಳಿ.

ಹಂತ 4: ಜಾಗ

ರೇಡಿಯೋ ದಿಗಂತದ ಲೆಕ್ಕ ಸುಲಭ. ನಿಮ್ಮ ಆಂಟೆನಾದ ಎತ್ತರ, ವಿಮಾನದ ಎತ್ತರ, ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಆಂಟೆನಾ 10 ಮೀಟರ್, ವಿಮಾನ 35,000 ಅಡಿ, ಎಂದರೆ ಸುಮಾರು 10,700 ಮೀಟರ್ ಮೇಲೆ ಇದ್ದರೆ 440 ಕಿ.ಮೀ. ಸಿಗುತ್ತದೆ. 3,000 ಮೀಟರಿನಲ್ಲಿರುವ ವಿಮಾನ 240 ಕಿ.ಮೀ.ಗೆ, 300 ಮೀಟರಿಗೆ ಇಳಿದದ್ದು 85 ಕಿ.ಮೀ.ಗೆ ಮರೆಯಾಗುತ್ತದೆ.

ಈಗ ಅದೇ ಲೆಕ್ಕದಲ್ಲಿ ಆಂಟೆನಾವನ್ನು 10ರಿಂದ 20 ಮೀಟರಿಗೆ ಏರಿಸಿ ನೋಡಿ. ಹೆಚ್ಚಾಗುವುದು ಐದೂವರೆ ಕಿಲೋಮೀಟರ್ ಮಾತ್ರ! ಹಾಗಾದರೆ ಎತ್ತರ ಏಕೆ ಬೇಕು? ತೆಂಗಿನ ತಲೆ, ಪಕ್ಕದ ಫ್ಲ್ಯಾಟ್, ನೀರಿನ ಟ್ಯಾಂಕು ದಾಟಲು. ದೂರದ ವಿಮಾನದ ಸಂಕೇತ ತಲೆಯ ಮೇಲಿನಿಂದ ಬರುವುದಿಲ್ಲ, ದಿಗಂತದಿಂದ ಒಂದೆರಡು ಡಿಗ್ರಿ ಮೇಲಿನಿಂದ ಬರುತ್ತದೆ. ಆದ್ದರಿಂದ ಆಂಟೆನಾ ಇಡುವ ಜಾಗದಲ್ಲಿ ನಿಂತು ನಿಮ್ಮ ಕಣ್ಣಿಗೆ ದಿಗಂತ ಎಷ್ಟು ಸುತ್ತ ಕಾಣುತ್ತದೆ ಎಂದು ನೋಡಿ. ಕಣ್ಣಿಗೆ ಕಂಡಷ್ಟೇ ಆಂಟೆನಾಕ್ಕೂ ಕಾಣುವುದು. ಒಣಗಿದಾಗ ಅಷ್ಟೇನೂ ತಡೆಯದ ತೆಂಗಿನ ಗರಿ, ಮಾವಿನ ಎಲೆ ಮಳೆಯಲ್ಲಿ ನೆನೆದಾಗ ಈ ಆವರ್ತನವನ್ನು ಚೆನ್ನಾಗಿಯೇ ಹೀರುತ್ತವೆ. ಮೇ ತಿಂಗಳಲ್ಲಿ ಸಿಕ್ಕಿದ ದೂರ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಸಿಗದಿದ್ದರೆ ಮೊದಲು ಮರಗಳನ್ನು ನೋಡಿ.

ಮಾಡಿನ ಬಗೆ ನೋಡಿ ತೀರ್ಮಾನಿಸಿ. ಹಂಚಿನ ಮನೆಯಾದರೆ ಅಟ್ಟದಲ್ಲೇ ಇಡಬಹುದು. ಒಣ ಹಂಚು ಹೆಚ್ಚು ತಡೆಯುವುದಿಲ್ಲ, ನೆನೆದದ್ದು ಸ್ವಲ್ಪ ತಡೆಯುತ್ತದೆ, ಮಳೆ, ಸಿಡಿಲಿನ ಚಿಂತೆ ಕಡಿಮೆ. ಆದರೆ ಈಗ ಮಂಗಳೂರು, ಉಡುಪಿಯ ತಾರಸಿ ಮನೆಗಳ ಮೇಲೆಲ್ಲ ಮಳೆಗೆಂದು ತಗಡಿನ ಶೀಟ್ ಹೊದಿಸಿರುತ್ತಾರೆ. ಅದರ ಅಡಿಯಲ್ಲಿ ನಡುಮಧ್ಯೆ ಆಂಟೆನಾ ಇಟ್ಟರೆ ಕಬ್ಬಿಣದ ಕಂಬ, ಇಳಿಬಿದ್ದ ಶೀಟಿನ ಅಂಚು ಎಲ್ಲ ಸೇರಿ ದಿಗಂತವನ್ನೇ ಮುಚ್ಚುತ್ತವೆ. ಅಂಥ ಮನೆಯಲ್ಲಿ ಶೀಟಿನ ಅತಿ ಎತ್ತರದ ಅಂಚಿಗಿಂತ ಅರ್ಧ ಮೀಟರಾದರೂ ಮೇಲೆ ಕಂಬ ಏರಬೇಕು. ಆಗದಿದ್ದರೆ ಪಡುವಣ ಅಂಚಿನಿಂದ ಹೊರಕ್ಕೆ ಚಾಚಿ. ಸಮುದ್ರದ ಕಡೆಯಾದರೂ ಪೂರ್ತಿ ಸಿಗುತ್ತದೆ, ಕೊಲ್ಲಿ ದೇಶಗಳಿಂದ ಬರುವ ವಿಮಾನಗಳೆಲ್ಲ ಆ ದಿಕ್ಕಿನವೇ.

ಮೂಡಣ ದಿಕ್ಕಿನಲ್ಲಿ ಘಟ್ಟ ಅಡ್ಡ ಬರುತ್ತದೆ. ಇದಕ್ಕೆ ಪರಿಹಾರವಿಲ್ಲ. ಕುದುರೆಮುಖದ ಶಿಖರ ಸುಮಾರು 1,890 ಮೀಟರ್, ಮಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 55 ಕಿ.ಮೀ. ಲೆಕ್ಕ ಹಾಕಿದರೆ ಅದು ದಿಗಂತವನ್ನು ಪೌಣೆರಡು ಡಿಗ್ರಿಯಷ್ಟು ಮುಚ್ಚುತ್ತದೆ. 35,000 ಅಡಿಯ ವಿಮಾನ ಬೇರೆ ಕಡೆ 440 ಕಿ.ಮೀ.ಗೆ ಕಂಡರೆ ಆ ದಿಕ್ಕಿನಲ್ಲಿ ಸುಮಾರು 240 ಕಿ.ಮೀ.ಗೇ ಮರೆ. ಆದ್ದರಿಂದ ನಿಮ್ಮ ನಕ್ಷೆ ಪಡುವಣಕ್ಕೆ ಉಬ್ಬಿ ಮೂಡಣಕ್ಕೆ ತಗ್ಗಿದ್ದರೆ ಆಂಟೆನಾವನ್ನು ದೂರಬೇಡಿ. ಪಡುವಣದಲ್ಲೇ ತಗ್ಗಿದ್ದರೆ ಹತ್ತಿರದಲ್ಲಿ ಏನೋ ಅಡ್ಡ ಇದೆ, ಹುಡುಕಿ.

ಜಾಗ ಪರೀಕ್ಷಿಸಲು ಡಬ್ಬಿಯ ಆಂಟೆನಾವನ್ನು ಬಿದಿರಿನ ಗಳುವಿಗೆ ಕಟ್ಟಿ ಒಂದೊಂದು ಮೂಲೆಯಲ್ಲೂ ಒಂದೊಂದು ದಿನ ನಿಲ್ಲಿಸಿ. ಅಡಿಕೆ ಕೊಯ್ಯುವ ಲೋಹದ ದೋಟಿಯನ್ನಾಗಲಿ ಕಾರ್ಬನ್ ಫೈಬರಿನದ್ದನ್ನಾಗಲಿ ಬಳಸಬೇಡಿ. ಎರಡರಲ್ಲೂ ವಿದ್ಯುತ್ ಹರಿಯುತ್ತದೆ, ತೋಟದಲ್ಲಿ ಕರೆಂಟಿನ ತಂತಿಗೆ ತಾಗಿದರೆ ಪ್ರಾಣವೇ ಹೋಗುತ್ತದೆ. ಕಂಬ ಬಿದ್ದರೂ ತಂತಿಯವರೆಗೆ ತಲುಪಬಾರದು, ಅಷ್ಟು ಅಂತರ ಇರಲಿ. ಬಜ್ಪೆ, ಕೆಂಜಾರು ಸುತ್ತಮುತ್ತ ನಿರ್ಮಾಣಗಳಿಗೆ ವಿಮಾನ ನಿಲ್ದಾಣದ ಎತ್ತರ ಮಿತಿ ಇದೆ. ಅಲ್ಲಿ ಮಾಡಿಗಿಂತ ಒಂದೆರಡು ಅಡಿ ಮೇಲೆ ಸಾಕು, ಎತ್ತರದ ಕಂಬದ ಆಸೆ ಬೇಡ.

ಹಂತ 5: ಮಳೆ, ಉಪ್ಪು, ಸಿಡಿಲು

ಹೊರಗಿನ ಕೆಲಸವನ್ನೆಲ್ಲ ಪತ್ತನಾಜೆಯೊಳಗೆ, ಎಂದರೆ ಮೇ ಕೊನೆಯ ವಾರದೊಳಗೆ, ಮುಗಿಸಿ. ಕರಾವಳಿಯಲ್ಲಿ ಮನೆ ಆಂಟೆನಾ ಹಾಳಾಗುವುದು ಗಾಳಿಯಿಂದಲ್ಲ, ಕೇಬಲಿನೊಳಗೆ ನುಗ್ಗಿದ ನೀರಿನಿಂದ. ಒಮ್ಮೆ ಜಾಲರಿಗೆ ನೀರು ಹತ್ತಿದರೆ ಅದು ಒಳಗೊಳಗೇ ಮೀಟರುಗಟ್ಟಲೆ ಹರಿಯುತ್ತದೆ. ಒಣಗಿಸಿ ಉಪಯೋಗವಿಲ್ಲ, ಕೇಬಲನ್ನೇ ಬದಲಿಸಬೇಕು.

ಕನೆಕ್ಟರ್ ಬಿಗಿದ ಮೇಲೆ ರಬ್ಬರ್ ಟೇಪನ್ನು ಅರ್ಧದಷ್ಟು ಅಗಲ ಉಳಿಯುವಂತೆ ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು. ಅದರ ಮೇಲೆ ಬಿಸಿಲಿಗೆ ತಡೆಯಾಗಿ ಪಿವಿಸಿ ಟೇಪ್. ಪಿವಿಸಿ ಟೇಪ್ ಒಂದನ್ನೇ ಸುತ್ತಿದರೆ ಒಂದು ಬೇಸಗೆಗೆ ಅಂಟು ಜಾರಿ ಬಿಚ್ಚುತ್ತದೆ. ಕಡ್ಡಿಯ ಬೆಸುಗೆಯ ಸುತ್ತ ಸಿಲಿಕಾನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಅಗ್ಗದ ಬಗೆ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿಂದು ಹಸಿರು ಮಾಡುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ. ಕೇಬಲ್ ಗೋಡೆಯ ತೂತಿಗೆ ಹೋಗುವ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ. ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಮನೆಯೊಳಗೆ ಬರುವುದಿಲ್ಲ.

ಪೈಪಿನೊಳಗೆ ಮುಚ್ಚಿಡುವ ಯೋಚನೆಯಿದ್ದರೆ ತೆಳು ಬಿಳಿ ಪಿವಿಸಿ ಬಳಸಿ, ಅಡಿಯಲ್ಲಿ ತೂತು ಬಿಡಿ. ಪೂರ್ತಿ ಮುಚ್ಚಿದ ಪೈಪಿನಲ್ಲಿ ನಮ್ಮ ಹವೆಯ ತೇವ ನೀರಾಗಿ ಇಳಿದು ಬುಡದಲ್ಲಿ ನಿಲ್ಲುತ್ತದೆ. ಕಪ್ಪು ಪೈಪಿನಲ್ಲಿ ಇಂಗಾಲ ಬೆರೆತಿರುತ್ತದೆ, ಬೇಡ.

ಸಿಡಿಲಿನ ವಿಷಯದಲ್ಲಿ ರಾಜಿ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳು, ಮತ್ತೆ ಅಕ್ಟೋಬರ್‌ನ ಹಿಂಗಾರು ಅಪಾಯದ ಕಾಲ. ಲೋಹದ ಕಂಬವನ್ನು ದಪ್ಪ ತಂತಿಯಿಂದ ಭೂಮಿಗೆ ಸೇರಿಸಿ, ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಅಷ್ಟಾದರೂ ನೇರ ಸಿಡಿಲನ್ನು ಯಾವ ಪುಟ್ಟ ಸಾಧನವೂ ತಡೆಯದು. ಮೋಡ ಕವಿಯುವಾಗಲೇ, ಗುಡುಗು ಕೇಳಿಸುವ ಮೊದಲೇ, ಕೇಬಲನ್ನು ಡಾಂಗಲಿನಿಂದ ಬಿಚ್ಚಿ ಗೋಡೆಯ ಹೊರಗೆ ಬಿಡಿ. ಗುಡುಗು ಕೇಳಿಸಿದ ಮೇಲೆ ಮುಟ್ಟಬೇಡಿ.

ಹಂತ 6: ಗೇನ್ ಹೊಂದಿಸುವುದು, ಪರೀಕ್ಷಿಸುವುದು

ತಂತ್ರಾಂಶಕ್ಕೆ ರೀಡ್ಸ್‌ಬಿ, ನಕ್ಷೆಗೆ ಟಾರ್1090 ಹಾಕಿ. ಸ್ಥಾಪನೆ ಸುಲಭ, ಇಲ್ಲಿ ವಿವರಿಸುವುದಿಲ್ಲ. ಗಮನಿಸಬೇಕಾದದ್ದು ಗೇನ್, ಅಂದರೆ ಡಾಂಗಲ್ ಒಳಗೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ. ಹೆಚ್ಚಿನವರು ಅದನ್ನು ಗರಿಷ್ಠ 49.6ಕ್ಕೆ ಇಟ್ಟು ಮರೆಯುತ್ತಾರೆ. ಬಜ್ಪೆಯ ಆಸುಪಾಸಿನವರಿಗೆ ಹತ್ತಿರದ ವಿಮಾನದ ಸಂಕೇತ ಎಷ್ಟು ಗಟ್ಟಿ ಎಂದರೆ ಡಾಂಗಲ್ ಕಿವುಡಾಗಿ ಆ ಹೊತ್ತಿನ ದೂರದ ಸಂದೇಶಗಳೂ ಕಳೆದುಹೋಗುತ್ತವೆ. ಅಂಕಿಅಂಶ ಪುಟದಲ್ಲಿ −3 ಡಿಬಿಗಿಂತ ಗಟ್ಟಿಯಾದ ಸಂದೇಶಗಳು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಒಂದೊಂದೇ ಮೆಟ್ಟಿಲು ಇಳಿಸಿ.

ಮೊಬೈಲ್ ಟವರ್ ಎದುರಿಗೇ ಇದ್ದರೆ ಬರೀ ಗೇನ್ ಇಳಿಸಿ ಸಾಲದು. ಟವರಿನ 900ರ ಪಟ್ಟಿ ನಮ್ಮ 1090ಕ್ಕೆ ಹತ್ತಿರ. 1090ನ್ನು ಮಾತ್ರ ಒಳಗೆ ಬಿಡುವ ಸಾ (SAW) ಫಿಲ್ಟರ್ ಒಂದನ್ನು ಡಾಂಗಲಿನ ಮುಂದೆ ಹಾಕಿ. 978 ಮೆಗಾಹರ್ಟ್ಸ್ ಎಂದಿರುವ ಫಿಲ್ಟರ್ ತಪ್ಪಿಯೂ ಕೊಳ್ಳಬೇಡಿ, ಅದು ಅಮೆರಿಕದ ಸಣ್ಣ ವಿಮಾನಗಳಿಗಾಗಿ ಇರುವುದು.

ಎರಡು ಜಾಗ ಅಥವಾ ಎರಡು ಆಂಟೆನಾ ಹೋಲಿಸುವಾಗ ಬೆಳಗಿನ ಲೆಕ್ಕವನ್ನು ಮಧ್ಯಾಹ್ನದ ಲೆಕ್ಕದ ಜೊತೆ ಇಡಬೇಡಿ. ಆಕಾಶದಲ್ಲಿ ವಿಮಾನಗಳೇ ಬೇರೆ ಬೇರೆ ಸಂಖ್ಯೆಯಲ್ಲಿರುತ್ತವೆ. ಒಂದೊಂದಕ್ಕೂ ಪೂರ್ತಿ 24 ಗಂಟೆ ಕೊಟ್ಟು ಸೆಕೆಂಡಿಗೆ ಬಂದ ಸಂದೇಶಗಳನ್ನು ನೋಡಿ. ಅತಿ ದೂರ ಎಷ್ಟು ಎಂಬ ಒಂದೇ ಅಂಕಿಯನ್ನು ನಂಬಬೇಡಿ. ಅರಬ್ಬಿ ಸಮುದ್ರದ ಮೇಲೆ ಬಿಸಿ, ತಂಪು ಹವೆಯ ಪದರಗಳು ಕೂಡಿದ ದಿನಗಳಲ್ಲಿ ಅಲೆಗಳು ಬಾಗಿ ದಿಗಂತದಾಚೆಯಿಂದಲೂ ಬರುತ್ತವೆ. ಅದು ಹವೆಯ ಕೊಡುಗೆ, ಆಂಟೆನಾದ್ದಲ್ಲ. ನಕ್ಷೆಯಲ್ಲಿ ಕೆಲವು ವಿಮಾನ ಪಟ್ಟಿಯಲ್ಲಿದ್ದೂ ಜಾಗ ತೋರಿಸದಿದ್ದರೆ ಹೆಚ್ಚಾಗಿ ಅವು ಸ್ಥಾನ ಸಾರುತ್ತಿಲ್ಲ ಎಂದರ್ಥ, ನಿಮ್ಮ ಕಡೆ ದೋಷವಿಲ್ಲ. ಉಡುಪಿ ಕಡೆಯವರಿಗೆ ಬಜ್ಪೆಯಲ್ಲಿ ಇಳಿಯುವ ವಿಮಾನ ಕೊನೆಯ ಕ್ಷಣದಲ್ಲಿ ಮಾಯವಾಗುವುದೂ ಹೀಗೆಯೇ, ನಡುವಿನ ಗುಡ್ಡೆಗಳ ಮರೆ.

ನವೆಂಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ಒಮ್ಮೆ ಮೇಲೆ ಹತ್ತಿ. ಕಾಗೆ ಕೂತು ಬಗ್ಗಿಸಿದ ಕಾಲುಗಳನ್ನು ಮತ್ತೆ 45 ಡಿಗ್ರಿಗೆ ತನ್ನಿ. ಸ್ಕ್ರೂಗಳನ್ನು ಬಿಚ್ಚಿ, ತಿಕ್ಕಿ, ಬಿಗಿಯಿರಿ. ಕನೆಕ್ಟರಿನ ಟೇಪ್ ಬಿಡಿಸಿ ನೋಡಿ: ಒಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಒಂದು ಅಡಿ ಕೇಬಲ್ ಕತ್ತರಿಸಿ, ಜಾಲರಿ ಹೊಳೆಯುವ ಕಡೆಯಿಂದ ಹೊಸ ಕನೆಕ್ಟರ್ ಹಾಕಿ. ಒಂದು ಅಡಿಯಾಚೆಯೂ ಜಾಲರಿ ಕಪ್ಪಾಗಿದ್ದರೆ ಪೂರ್ತಿ ಕೇಬಲ್ ಬದಲಿಸಿ.